ಆಶ್ರಯ ಮತ್ತು ಆಜ್ಞೆ

ಮನೆಗೆ ಬಾಗಿಲಿರಬೇಕು, ಬಾಗಿಲಿಗೆ ಅಗುಳಿಯೂ ಇರಬೇಕು. ತನ್ನ ಗಡಿಯನ್ನು ಕಾಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟೆಂಬುದನ್ನು, ವಾಚಕರೇ, ಯಾರೂ ಅಲ್ಲಗಳೆಯಲಾರರು. ಆದರೆ ಆ ಹಕ್ಕಿಗೂ ಒಂದು ಎಲ್ಲೆಯುಂಟೇ ಎಂಬುದು ವಿಚಾರಣೀಯ.

ಅಮೆರಿಕದಲ್ಲಿ ದಾಖಲೆಗಳಿಲ್ಲದ ವಲಸಿಗರನ್ನು ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಂಧಿಸಬಾರದೆಂಬ ನಿಯಮವು 2011ರಲ್ಲಿ ಜಾರಿಗೆ ಬಂದಿತ್ತು. 2025ರ ಜನವರಿಯಲ್ಲಿ, ಟ್ರಂಪ್ ಅವರು ಎರಡನೆಯ ಬಾರಿ ಅಧ್ಯಕ್ಷರಾದೊಡನೆಯೇ, ಅಂಥ ರಕ್ಷಣೆಯನ್ನು ರದ್ದುಪಡಿಸಲಾಯಿತು. ಅಪರಾಧಿಗಳು ಅಲ್ಲಿ ಅಡಗಬಾರದೆಂಬುದು ಸರ್ಕಾರವು ಕೊಟ್ಟ ಕಾರಣ. ಆದರೆ ಭಯವು ಅಪರಾಧಿಯನ್ನಷ್ಟೇ ಆರಿಸಿ ಹಿಡಿಯುವುದಿಲ್ಲ. ಜ್ವರದ ಕೂಸನ್ನು ಆಸ್ಪತ್ರೆಗೆ ಒಯ್ಯಲು ತಾಯಿ ಅಂಜಿದರೆ ದಂಡನೆ ಯಾರಿಗೆ? ದಾಖಲೆಯಿಲ್ಲದ ತಾಯಿಗೋ, ಏನನ್ನೂ ಅರಿಯದ ಕೂಸಿಗೋ?

1982ರಲ್ಲಿ ಅರಿಝೋನಾದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು, ಮಧ್ಯ ಅಮೆರಿಕದ ಅಂತರ್ಯುದ್ಧಗಳಿಂದ ಓಡಿಬಂದವರಿಗೆ ಆಶ್ರಯ ಕೊಡುವೆನೆಂದು ಸರ್ಕಾರಕ್ಕೆ ಪತ್ರದ ಮೂಲಕ ತಿಳಿಸಿ, ಬಹಿರಂಗವಾಗಿಯೇ ಕೊಟ್ಟಿತು. ಅದರ ಪಾದ್ರಿ ಜಾನ್ ಫೈಫ್ 1986ರಲ್ಲಿ ನ್ಯಾಯಾಲಯದಲ್ಲಿ ತಪ್ಪಿತಸ್ಥರೆನಿಸಿದರು. ಆಗ ಅವರನ್ನು ರಕ್ಷಿಸುವ ನಿಯಮವಿರಲಿಲ್ಲ. ಆದರೂ ಬಾಗಿಲು ತೆರೆದಿತ್ತು.

ಆಜ್ಞೆಯಿಂದ ಬಂದ ರಕ್ಷಣೆ ಆಜ್ಞೆಯಿಂದಲೇ ಹೋಗುತ್ತದೆ. ಅಂತಃಕರಣದಿಂದ ಬಂದುದು ಹಾಗೆ ಹೋಗದು. ನಿಯಮ ಮೀರಿದವನನ್ನು ವಿಚಾರಿಸಲು ನ್ಯಾಯಾಲಯವಿದೆ. ಹಸಿದವನನ್ನೂ ರೋಗಿಯನ್ನೂ ವಿಚಾರಿಸಿಕೊಳ್ಳುವ ಎಡೆಗಳೂ ನಾಡಿಗೆ ಬೇಕು. ಈ ಎರಡು ವಿಚಾರಣೆಗಳನ್ನು ಒಂದೇ ಬಾಗಿಲಲ್ಲಿ ನಿಲ್ಲಿಸಿದರೆ, ಎರಡನೆಯದಕ್ಕೆ ಯಾರೂ ಬರಲಾರರು. ದಣಿದು ಬಂದ ಅಪರಿಚಿತನಿಗೆ ಮೊದಲು ನೀರು ಕೊಡಬೇಕೋ, ಅವನ ಕಾಗದ ಕೇಳಬೇಕೋ ಎಂಬುದನ್ನು ವಾಚಕರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.