ಒಂದೋ, ಎರಡೋ?

‘ಎರಡನ್ನೂ ತಗೊಂಡು ಹೋಗು ತಂಬಿ, ಒಂದೇ ಆದ್ರೆ ರಾತ್ರಿಯೆಲ್ಲ ಕೂಗುತ್ತೆ’ ಅಂದರು ತಿರುವೊಟ್ಟಿಯೂರಿನ ನಮ್ಮ ಬೀದಿಯ ಮೀನಿನ ಅಕ್ಕ. ನಾನು ಒಂದು ಬೆಕ್ಕಿನ ಮರಿಗೆಂದು ಹೋದವನು. ಬಾಡಿಗೆ ಮನೆ, ಒಬ್ಬನೇ; ಬೆಳಿಗ್ಗೆ ಮೆಟ್ರೊ ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಎರಡಿದ್ದರೆ ಒಂದಕ್ಕೊಂದು ಆಟ, ಕಚ್ಚಾಟ, ಬೆಚ್ಚಗಿನ ನಿದ್ದೆ. ಲೆಕ್ಕ ಸರಿಯೇ. ಆದರೆ ಆ ಲೆಕ್ಕದಲ್ಲಿ ಎರಡನೆಯ ಮರಿ ನಾನಿಲ್ಲದ ಹೊತ್ತಿಗೆ ನೇಮಿಸಿದ ಬದಲಿ ಆಳು, ಅಷ್ಟೇ.

ಹರಿಹರನ ರಗಳೆಯಿಂದ ನಾವು ನಂಬಿಯಣ್ಣ ಎಂದು ಬಲ್ಲ ಸುಂದರರ್, ಇದೇ ಊರಿನ ಬಕುಳದ ಮರದಡಿ ಸಂಗಿಲಿಗೆ ಬಿಟ್ಟುಹೋಗುವುದಿಲ್ಲ ಎಂದು ಆಣೆಯಿಟ್ಟರಂತೆ. ಆಣೆ ಮುರಿದು ಊರ ಎಲ್ಲೆ ದಾಟಿದಾಗ ಕಣ್ಣು ಹೋಯಿತು ಎನ್ನುತ್ತದೆ ಪೆರಿಯಪುರಾಣ.

ಬೆಕ್ಕು ಆಣೆ ಕೇಳುವುದಿಲ್ಲ. ಮನೆಯೊಳಗೆ ಸಾಕಿದರೆ 15 ವರ್ಷ ಬಾಳೀತು. ಅಷ್ಟರಲ್ಲಿ ನನಗೆ ವರ್ಗವಾದೀತು, ಮನೆ ಬದಲಾದೀತು, ಬೆಕ್ಕು ಬೇಡವೆನ್ನುವ ಮಾಲೀಕರೂ ಸಿಕ್ಕಾರು.

ಕೊನೆಗೆ ಎರಡನ್ನೂ ತಂದೆ. ಒಂದಕ್ಕೆ ಇನ್ನೊಂದು ಜೊತೆಯಾದರೆ ಸಂತೋಷ. ನಾಳೆ ಅವು ಜಗಳವಾಡಿ ಮುಖ ತಿರುಗಿಸಿದರೂ, ಮೊದಲನೆಯದು ಸತ್ತೇ ಹೋದರೂ, ಎರಡನೆಯದು ನನ್ನದೇ. ನಾನು ಕೊಟ್ಟದ್ದು ಒಂದು ಮಾತಲ್ಲ, ಎರಡು.