ಕಟ್ಟಿದವನೇ ಬಿಚ್ಚಬೇಕು

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಶನಿವಾರ ಬೆಳಿಗ್ಗೆ ಊರಲ್ಲಿ ಇಳಿಯೋದು, ಭಾನುವಾರ ರಾತ್ರಿ ಮತ್ತೆ ಬಸ್ ಹತ್ತೋದು. ಮಲೆನಾಡಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದೇನು ಹೊಸದಲ್ಲ. ಸೋಮವಾರ ಆಫೀಸಲ್ಲಿ "ವೀಕೆಂಡ್ ಹೇಗಿತ್ತು?" ಅಂತ ಕೇಳ್ತಾರೆ. "ಊರಿಗೆ ಹೋಗಿದ್ದೆ" ಅಂದರೆ "ಅಬ್ಬಾ, ಆರಾಮಾಗಿ ಇದ್ದು ಬಂದ್ರಿ ಅನ್ನಿ" ಅಂತಾರೆ. ಕೊಪ್ಪದ ಹತ್ತಿರ ಮೂರು ಎಕರೆ ಅಡಿಕೆ ತೋಟ, ಅರ್ಧ ಎಕರೆ ಗದ್ದೆ, ಎರಡು ಹಸು, ಎಪ್ಪತ್ತು ದಾಟಿದ ಅಪ್ಪಯ್ಯ ಇರುವ ಮನೆಯಲ್ಲಿ ಜೂನ್ ಮೊದಲ ವಾರ ಯಾರೂ ಆರಾಮಾಗಿ ಇರುವುದಿಲ್ಲ.

ಈ ಸಲ ಹೋಗಿದ್ದು ತೋಟಕ್ಕೆ ಔಷಧಿ ಹೊಡೆಸೋದಕ್ಕೆ. ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಒಂದು ಸುತ್ತು ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಬಂದು ಫಸಲೆಲ್ಲ ಮರದ ಬುಡ ಸೇರುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಕತ್ತಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಫೈಬರ್ ದೋಟಿ ಹಿಡಿದು ಹೊಡೆಯೋದಕ್ಕೆ ಇಬ್ಬರು ಬಂದಿದ್ದರು. ನನ್ನ ಪಾಲಿಗೆ ಪೈಪ್ ಎಳೆಯೋದು, ಡ್ರಮ್ ತುಂಬಿಸೋದು. ಎಲ್ಲ ಮುಗಿದ ಮೇಲೆ ಡ್ರಮ್ ತೊಳೆಯೋಣ ಅಂತ ಹಳ್ಳದ ಕಡೆ ಉರುಳಿಸಿಕೊಂಡು ಹೊರಟೆ. ಅಪ್ಪಯ್ಯ ಮೇಲಿಂದಲೇ ಕೂಗಿದರು. "ಹಳ್ಳಕ್ಕೆ ಹಾಕ್ಬೇಡ ಮಾರಾಯ, ಮೀನು ಸಾಯ್ತವೆ. ತೋಟದ ಮೂಲೇಲಿ ತೊಳಿ."

ಅದೇ ಅಪ್ಪಯ್ಯ ರಾತ್ರಿ ಮೀನು ಕಡಿಯೋದಕ್ಕೆ ಕತ್ತಿ ಮಸೆದು ಕೊಟ್ಟರು.

ಮಧ್ಯಾಹ್ನದ ಮೇಲೆ ಹೆಂಚು ಕೈಯಾಡಿಸಿ, ಕಟ್ಟಿಗೆ ಒಳಗೆ ಹಾಕಿ, ಬಸಿಗಾಲುವೆಯಲ್ಲಿ ತುಂಬಿದ್ದ ಸೋಗೆ ಎಳೆಯುವಷ್ಟರಲ್ಲಿ ಮಳೆ ಬಂತು. ಸುಮ್ಮನೆ ಬಂದು ಹೋಗುವ ಮಳೆಯಲ್ಲ, ಹಳ್ಳ ಕೆಂಪಾಗಿ ಏರುವಂಥ ಮಳೆ. ಎಂಟು ಗಂಟೆಗೆ ಚಿಕ್ಕಪ್ಪ ಟಾರ್ಚ್ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಹತ್ತುಮೀನು ಎದ್ದಿದಾವೆ, ಬತ್ತೀಯೇನ?"

ಗೊತ್ತಿಲ್ಲದವರಿಗೆ ಹೇಳ್ತೀನಿ. ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹೊಸ ನೀರಿಗೆ ಎದುರಾಗಿ ಹಳ್ಳ, ಕಾಲುವೆ, ಗದ್ದೆ ಅಂತ ಮೇಲೆ ಹತ್ತುತ್ತವೆ. ಮೊಟ್ಟೆ ಇಡೋದಕ್ಕೆ. ಕಣಕಾಲು ಮುಳುಗದಷ್ಟು ನೀರಿನಲ್ಲೂ ಒದ್ದಾಡಿಕೊಂಡು ಏರುವ ಮೀನನ್ನು ಬೆಳಕು ಬಿಟ್ಟು ಕತ್ತಿಯಲ್ಲಿ ಕಡಿಯುತ್ತಾರೆ. ನಾನು ಹತ್ತು ವರ್ಷದ ಹುಡುಗ ಆಗಿದ್ದಾಗಿಂದ ಹೋಗಿದ್ದೀನಿ. ಕಡಿದ ಮೀನು ಮನೆಗೆ ತಂದು ಕೊಯ್ದರೆ ಹೊಟ್ಟೆ ತುಂಬ ತತ್ತಿ. ಇದು ನನಗೆ ಪ್ರತಿ ಸಲವೂ ಒಂದು ಕ್ಷಣ ಚುಚ್ಚುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಮೀನು ಮರಿ ಮಾಡುವ ಕಾಲ ಅಂತ. ನಮ್ಮಲ್ಲಿಂದ ಸ್ವಲ್ಪ ದೂರದ ಶೃಂಗೇರಿಯಲ್ಲಿ ಅದೇ ತುಂಗೆಯ ಮೀನಿಗೆ ಜನ ಮಂಡಕ್ಕಿ ಹಾಕಿ ಕೈ ಮುಗಿಯುತ್ತಾರೆ. ನಾವು ಮಾತ್ರ ಬಸುರಿ ಮೀನನ್ನು ದಾರಿಯಲ್ಲಿ ಅಡ್ಡ ಹಾಕುತ್ತೀವಿ. ಆದರೂ ಬೆಳಿಗ್ಗೆ ಕಡುಬಿನ ಜೊತೆ ಮೀನುಸಾರು ಬಡಿಸಿದಾಗ ಬೇಡ ಅಂದಿಲ್ಲ. ಇಲ್ಲಿ ಸುಳ್ಳು ಹೇಳೋದರಲ್ಲಿ ಅರ್ಥ ಇಲ್ಲ.

ಆ ರಾತ್ರಿ ಏಳು ಮೀನು ಆದ ಮೇಲೆ ಚಿಕ್ಕಪ್ಪ "ಸಾಕು ಬಾ" ಅಂತ ಹೊರಟರು. ನನಗೆ ಸಾಲಲಿಲ್ಲ. ವರ್ಷಕ್ಕೆ ಒಂದೇ ಸಲ ಸಿಗೋದು. ಅದಕ್ಕೇ ಮನೆಗೆ ಹೋಗಿ ಅಟ್ಟದಿಂದ ಕೂಣಿ ಇಳಿಸಿದೆ. ಬಿದಿರಿನ ಕಡ್ಡಿ ಹೆಣೆದು ಮಾಡಿದ ಉದ್ದನೆ ಬುಟ್ಟಿ ಅದು. ಬಾಯಲ್ಲಿ ಒಳಮುಖವಾಗಿ ಚೂಪು ಕಡ್ಡಿಗಳಿರುತ್ತವೆ. ಮೀನು ಒಳಗೆ ಹೋಗಬಹುದು, ಹೊರಗೆ ಬರೋದಕ್ಕೆ ಆಗಲ್ಲ. ಕಾಲುವೆಗೆ ಕಟ್ಟಿ ಬಂದರೆ ನಾವು ಮಲಗಿದ್ದರೂ ಅದು ಕೆಲಸ ಮಾಡುತ್ತಿರುತ್ತದೆ. ಕೈಗೆ ಕೂಣಿ ಕೊಡುವಾಗ ಅಪ್ಪಯ್ಯ ಯಾವಾಗಲೂ ಹೇಳುವ ಮಾತನ್ನೇ ಹೇಳಿದರು. "ಕಟ್ಟಿದವನೇ ಬಿಚ್ಚಬೇಕು."

ಭಾನುವಾರ ಬೆಳಿಗ್ಗೆ ನಾನೇ ಬಿಚ್ಚಿದೆ. ಎರಡು ಹೊತ್ತಿಗೆ ಆಗುವಷ್ಟು ಮೀನು. ರೂಮಿನ ಗೆಳೆಯರಿಗೂ ಒಂದಿಷ್ಟು ಹುರಿದು ಒಯ್ಯೋಣ ಅನ್ನಿಸಿ, ಸಂಜೆ ಬಿಚ್ಚಿದರಾಯ್ತು ಅಂತ ಮತ್ತೆ ಕಟ್ಟಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ತಿಂಡಿ ಆದ ಮೇಲೆ ಬೇಲಿ ನೋಡೋದಕ್ಕೆ ಚಿಕ್ಕಪ್ಪನ ಜೊತೆ ತೋಟದ ಮೇಲ್ಗಡೆಗೆ ಹೋದೆ. ಕಾಡುಹಂದಿ ನುಗ್ಗುವ ಜಾಗದಲ್ಲಿ, ಗಿಡಗಳ ಮಧ್ಯೆ ಏನೋ ಮಿಂಚಿತು. ಉರುಳು. ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಮರಕ್ಕೆ ಬಿಗಿದಿದ್ದರು. ಯಾರು ಕಟ್ಟಿದ್ದೋ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಕೋವಿಯಲ್ಲಿ ಹೊಡೆಯೋದಷ್ಟೇ ಬೇಟೆಯಲ್ಲ. ಉರುಳು ಒಡ್ಡೋದೂ ಬೇಟೆ, ಬೀಳಿಸೋದಕ್ಕೆ ಪ್ರಯತ್ನ ಪಡೋದೂ ಬೇಟೆ. ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ ಬಿದ್ದು ಸತ್ತ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಚಿಕ್ಕಪ್ಪ ಮಾತಾಡದೆ ಕಟಿಂಗ್ ಪ್ಲೇಯರ್ ತರಿಸಿ ವೈರ್ ಕತ್ತರಿಸಿದರು. ಆಮೇಲೆ ಕಲ್ಲಿನ ಮೇಲೆ ಕೂತು, ನಾನು ಯಾವತ್ತೂ ಕೇಳಿರದ ಒಂದು ಕಥೆ ಹೇಳಿದರು. ಅವರಿಗೆ ಇಪ್ಪತ್ತೈದಿರಬಹುದು. ಗದ್ದೆಗೆ ಹಂದಿ ಕಾಟ ಅಂತ ಇದೇ ದಿಕ್ಕಿನಲ್ಲಿ ಉರುಳು ಒಡ್ಡಿದ್ದರಂತೆ. ಅಷ್ಟರಲ್ಲಿ ಯಾರದೋ ಮದುವೆ. ಮೂರು ದಿನ ಉಳಿದು ಬಂದರು. ಅಂಗಳದಲ್ಲಿ ನಾಯಿ ಇರಲಿಲ್ಲ. "ನಾನೇ ಸಾಕಿದ್ದು ಮಾರಾಯ. ಅದು ಕೂಗಿರ್ತದೆ. ಮನೇಲಿದ್ದಿದ್ರೆ ಕೇಳಿರೋದು." ಅಷ್ಟು ಹೇಳಿ ಎದ್ದರು. ಇವರ ಹೆಸರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ಬರ್ತಾರೆ. ಹಂದಿ ಬಂದ ರಾತ್ರಿ ಗಾಳಿಗೆ ಒಂದು ಈಡು ಹಾರಿಸಿ ಓಡಿಸ್ತಾರೆ. ಉರುಳನ್ನು ಮಾತ್ರ ಅವರು ಯಾಕೆ ಮುಟ್ಟಲ್ಲ ಅನ್ನೋದು ನನಗೆ ಅವತ್ತು ತಿಳಿಯಿತು.

ಇಷ್ಟೆಲ್ಲ ಕೇಳಿಸಿಕೊಂಡವನು ನಾನು ಏನು ಮಾಡಬೇಕಿತ್ತು? ಮಾಡಲಿಲ್ಲ. ಕೊಟ್ಟಿಗೆಗೆ ದರಗು ಹಾಕಿದೆ, ಪಂಪ್‌ಸೆಟ್ಟಿನ ಫ್ಯೂಸ್ ಕಟ್ಟಿದೆ, ಅಮ್ಮ ಕೊಟ್ಟ ಉಪ್ಪಿನಕಾಯಿ ಡಬ್ಬ ಬ್ಯಾಗಿಗೆ ತುಂಬಿದೆ, ಮಳೆಯಲ್ಲೇ ಓಡಿ ಬಸ್ ಹಿಡಿದೆ. ಕಡೂರು ದಾಟಿದ ಮೇಲೆ ಎಚ್ಚರವಾಯಿತು. ಕೂಣಿ.

ಫೋನ್ ಮಾಡಿದೆ. ಮಳೆಗೆ ಕರೆಂಟ್ ಹೋದರೆ ನಮ್ಮೂರಿನ ಟವರೂ ಹೋಗುತ್ತದೆ. ರಿಂಗೇ ಆಗಲಿಲ್ಲ. ಸೆಮಿ ಸ್ಲೀಪರ್ ಸೀಟಿನಲ್ಲಿ ಹೊದ್ದುಕೊಂಡು ಕೂತ ನಾನು ಇನ್ನೂರು ಕಿಲೋಮೀಟರ್ ದೂರದಲ್ಲಿ ಮೀನು ಹಿಡಿಯುತ್ತಾ ಇದ್ದೆ. ತಿನ್ನೋದಕ್ಕಲ್ಲ, ಮಾರೋದಕ್ಕಲ್ಲ. ಸುಮ್ಮನೆ. ಒಂದೊಂದಾಗಿ ಒಳಗೆ ಹೋಗುತ್ತಾ ಇದ್ದವು.

ನಾನು ಮಾಡುವ ಕೆಲಸವೂ ಇಂಥದ್ದೇ. ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಜಾಬ್‌ಗಳನ್ನು ಬರೆಯುತ್ತೀನಿ. ಬಾಕಿ ಇರುವವರಿಗೆ ಮೆಸೇಜ್ ಕಳಿಸುತ್ತದೆ, ಗಡುವು ಮೀರಿದರೆ ದಂಡ ಹಾಕುತ್ತದೆ. ನಾನು ಮಲಗಿರುತ್ತೀನಿ. ಯಾರಾದರೂ ಕೇಳಿದರೆ "ಸಿಸ್ಟಮ್ ಮಾಡಿದ್ದು" ಅಂತೀವಿ. ನೀವೂ ಅಂದಿರುತ್ತೀರಿ.

ಕತ್ತಿಯಲ್ಲಿ ಕಡಿದರೂ ಕೂಣಿಯಲ್ಲಿ ಬಿದ್ದರೂ ಮೀನಿಗೆ ಸಾವು ಸಾವೇ, ಏನು ವ್ಯತ್ಯಾಸ ಅಂತ ಕೇಳಬಹುದು. ಸತ್ತ ಮೀನಿಗೆ ಏನೂ ಇಲ್ಲ, ಒಪ್ಪುತ್ತೀನಿ. ಎದುರು ನಿಂತು ಕೊಂದ ಮಾತ್ರಕ್ಕೆ ಕೊಂದದ್ದು ಸರಿಯಾಗುವುದೂ ಇಲ್ಲ. ವ್ಯತ್ಯಾಸ ಇರೋದು ಎಂಟನೇ ಮೀನಿಗೆ. ಚಿಕ್ಕಪ್ಪ ಏಳಕ್ಕೆ "ಸಾಕು" ಅಂದರು, ಎಂಟನೆಯದು ಗದ್ದೆಗೆ ಹೋಗಿ ಮೊಟ್ಟೆ ಇಟ್ಟಿತು. ಕೂಣಿಗೆ ಸಾಕು ಅನ್ನೋದು ಗೊತ್ತಿಲ್ಲ. ಉರುಳಿಗೆ ಹಂದಿ ಯಾವುದು, ಮನೆಯ ನಾಯಿ ಯಾವುದು ಗೊತ್ತಿಲ್ಲ. ಕೈ ಬಿಟ್ಟು ಹೋದವನು ತನ್ನ ಆಸೆಯನ್ನು ಅಲ್ಲಿ ಬಿಟ್ಟು ಹೋಗಿರುತ್ತಾನೆ, ವಿವೇಕವನ್ನು ಮಾತ್ರ ಜೊತೆಗೆ ತಗೊಂಡು ಬಂದಿರುತ್ತಾನೆ. ಬಿದಿರಿನ ಕೂಣಿಯಾದರೆ ಒಂದೆರಡು ಮಳೆಗಾಲದಲ್ಲಿ ಕೊಳೆತು ತಾನೇ ಬಾಯಿ ಬಿಡುತ್ತದೆ. ಕ್ಲಚ್ ವೈರ್ ಬೇಗ ಕೊಳೆಯಲ್ಲ. ಸಮುದ್ರದಲ್ಲಿ ಕಳೆದುಹೋದ ನೈಲಾನ್ ಬಲೆಗಳು ವರ್ಷಗಟ್ಟಲೆ ಯಾರಿಗೂ ಅಲ್ಲದ ಮೀನು ಹಿಡಿಯುತ್ತಲೇ ಇರುತ್ತವೆ.

ಬಸ್ಸಿನಲ್ಲಿ ಮಹಾಭಾರತದ ಧರ್ಮವ್ಯಾಧ ನೆನಪಾದ. ವನಪರ್ವದಲ್ಲಿ ಬರುವ ಮಿಥಿಲೆಯ ಮಾಂಸದ ವ್ಯಾಪಾರಿ. ಕೌಶಿಕನೆಂಬ ಬ್ರಾಹ್ಮಣ ಅವನ ಹತ್ತಿರ ಧರ್ಮ ಕೇಳಲು ಬರುತ್ತಾನೆ. ವ್ಯಾಧ ಹೇಳುತ್ತಾನೆ, ನಾನು ಕೊಲ್ಲುವವನಲ್ಲ, ಬೇರೆಯವರು ಕೊಂದದ್ದನ್ನು ಮಾರುವವನು. ಹಾಗಂತ ತಾನು ಶುದ್ಧ ಅಂತಲೂ ಅನ್ನುವುದಿಲ್ಲ. ನೇಗಿಲು ಹೂಡಿದರೂ ನೆಲದೊಳಗಿನ ಜೀವ ಸಾಯುತ್ತದೆ, ಯಾರ ಕೈಯೂ ಪೂರ್ತಿ ಸ್ವಚ್ಛ ಇಲ್ಲ ಅನ್ನುತ್ತಾನೆ. ನನಗೆ ಕಾಲೇಜು ದಿನಗಳಿಂದ ಆ ಭಾಗ ಇಷ್ಟ, ವಾದಕ್ಕೆ ಅನುಕೂಲ ಅಂತ. ಆದರೆ ಕಥೆ ಅಲ್ಲಿಗೇ ಮುಗಿಯಲ್ಲ. ವ್ಯಾಧ ಕೌಶಿಕನನ್ನು ಮನೆಗೆ ಕರೆದುಕೊಂಡು ಹೋಗಿ ವಯಸ್ಸಾದ ತನ್ನ ತಂದೆ ತಾಯಿಯನ್ನು ತೋರಿಸುತ್ತಾನೆ. ನೀನು ನಿನ್ನವರನ್ನು ಬಿಟ್ಟು ಬಂದಿದ್ದೀಯ, ಹಿಂದಿರುಗಿ ಹೋಗು ಅನ್ನುತ್ತಾನೆ. ಆ ಭಾಗವನ್ನು ನಾನು ಯಾವ ವಾದದಲ್ಲೂ ಬಳಸಿರಲಿಲ್ಲ.

ಪೀಣ್ಯ ಬರುವ ಹೊತ್ತಿಗೆ ಫೋನ್ ಸಿಕ್ಕಿತು. ನಾನು ಕೂಣಿ ಅನ್ನುವ ಮುಂಚೆಯೇ ಅಪ್ಪಯ್ಯ "ಬಿಚ್ಚಿದೆ" ಅಂದರು. ಬೆಳಗಿನ ಜಾವ ಅಟ್ಟದಲ್ಲಿ ಕೂಣಿ ಇಲ್ಲದ್ದು ಕಂಡು, ಕೋಲು ಊರಿಕೊಂಡು, ಆ ಮಳೆಯಲ್ಲಿ ಜಾರುವ ಮೆಟ್ಟಿಲು ಇಳಿದು ಹೋಗಿದ್ದರು. ಮೀನು ಒಂದರ ಮೇಲೊಂದು ಬಿದ್ದು ಅರ್ಧಕ್ಕರ್ಧ ಸತ್ತಿದ್ದವಂತೆ. ಅವುಗಳ ನಡುವೆ ಒಂದು ನೀರುಹಾವು, ಮೀನಿನಾಸೆಗೆ ನುಗ್ಗಿ, ಮೇಲೆ ಬಂದು ಉಸಿರಾಡೋದಕ್ಕೆ ಆಗದೆ ಸತ್ತಿತ್ತು. ಬದುಕಿದ್ದವನ್ನು ಗದ್ದೆಗೆ ಬಿಟ್ಟು ಬಂದಿದ್ದರು.

"ನಿಮ್ಮ ಮೊಣಕಾಲು ಹೇಗಿದೆ?" ಅಂದೆ.

"ಎರಡೂ ಇದಾವೆ. ನೀನು ಮುಟ್ಟಿದ್ಯಾ?"

ಬೈಯಲಿಲ್ಲ. ಕಟ್ಟಿದವನೇ ಬಿಚ್ಚಬೇಕು ಅಂತಲೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಾನು ಕಟ್ಟಿದ್ದನ್ನು ಬೇರೆ ಯಾರೋ ಬಿಚ್ಚಬೇಕಾಗುತ್ತದೆ, ಆ ಬೇರೆ ಯಾರೋ ಕೋಲು ಊರಿಕೊಂಡು ಹೋಗುವವರು ಅನ್ನೋದು ನನಗೆ ಅಷ್ಟು ದಿನ ಹೊಳೆದೇ ಇರಲಿಲ್ಲ.

ಮುಂದಿನ ವರ್ಷ ಹತ್ತುಮೀನು ಏಳುವಾಗ ಊರಲ್ಲಿದ್ದರೆ ಖಂಡಿತ ಹೋಗ್ತೀನಿ, ಬಿಟ್ಟೆ ಅಂತ ಬರೆದರೆ ಅದು ಸುಳ್ಳಾಗುತ್ತದೆ. ಆದರೆ ಬಸ್ ಟಿಕೆಟ್ ಬುಕ್ ಆಗಿರುವ ದಿನ ಕೂಣಿ ಕಟ್ಟುವುದಿಲ್ಲ. ಸೋಮವಾರ ಆಫೀಸಿಗೆ ಹೋದವನೇ ನಾನು ಬರೆದಿಟ್ಟ ರಾತ್ರಿ ಜಾಬ್‌ಗಳ ಪಟ್ಟಿ ತೆಗೆದು ಕೂತೆ. ಹದಿನಾಲ್ಕು ಇದ್ದವು. ಅದರಲ್ಲಿ ಮೂರು ಯಾಕೆ ಓಡುತ್ತಿವೆ ಅಂತ ನನಗೇ ನೆನಪಿರಲಿಲ್ಲ.