ಪ್ರತಿಭೆ ಮತ್ತು ಅದನ್ನು ಗುರುತಿಸುವ ಕಣ್ಣು

1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಯಕ್ಷಗಾನ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಬಂತು. ಸಂಸ್ಥಾನದ ಅರಸ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಎದುರು ಆಟವಾಡಿತು. ಆಟ ನೋಡಿದ ಅರಸರು ಅರಮನೆಯ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ತರುಣನಿಗೆ, ಇಂಥದನ್ನು ಮರಾಠಿಯಲ್ಲಿ ಮಾಡಲು ಹೇಳಿದರು. ಮರುವರ್ಷ, 1843ರ ನವೆಂಬರ್ 5ರಂದು, ಅದೇ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಹಾಗಾದರೆ ಇಲ್ಲಿ ಪ್ರತಿಭೆ ಯಾರದು? ಆಟ ಕಟ್ಟಿಕೊಂಡು ಬಂದ ಕರ್ಕಿಯವರದೋ, ಅದರಲ್ಲಿ ಇನ್ನೊಂದು ಭಾಷೆಯ ಸಾಧ್ಯತೆಯನ್ನು ಕಂಡ ಅರಸರದೋ, ಕೂತು ಬರೆದು ಕಲಿಸಿ ಆಡಿಸಿದ ಭಾವೆಯವರದೋ? ಸಲೀಸಾಗಿ ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಹೊಸ ಹೊಸ ವಿಚಾರಗಳನ್ನು ಹುಟ್ಟಿಸುವವರ ಸ್ವಭಾವ ಎಂಥದು ಎಂಬುದನ್ನು ನಮ್ಮ ಕಾವ್ಯಮೀಮಾಂಸಕರು ಸಾವಿರ ವರ್ಷಗಳ ಹಿಂದೆಯೇ ಬಹಳ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಅವರ ಮಾತು ಹಿಡಿದು ಹೋದರೆ ಉತ್ತರ ಅಷ್ಟು ಸಲೀಸಲ್ಲ.

ಪ್ರತಿಭೆಗೆ ಹೆಚ್ಚು ಪ್ರಸಿದ್ಧವಾದ ಲಕ್ಷಣವನ್ನು ಹೇಳಿದವನು ಕಾಶ್ಮೀರದ ಭಟ್ಟತೌತ, ಅಭಿನವಗುಪ್ತನ ಗುರು. ಅವನ ಗ್ರಂಥ ‘ಕಾವ್ಯಕೌತುಕ’ ನಮಗೆ ಸಿಕ್ಕಿಲ್ಲ. ಬೇರೆಯವರು ಉದ್ಧರಿಸಿದ್ದರಿಂದ ಅವನ ಮಾತು ಉಳಿದಿದೆ. ಅವನ ಪ್ರಕಾರ ಪ್ರತಿಭೆ ಒಂದು ಬಗೆಯ ಪ್ರಜ್ಞೆ. ಮತ್ತೆ ಮತ್ತೆ ಹೊಸದಾಗಿ ಕಣ್ತೆರೆಯುವುದು ಅದರ ಗುಣ. ಇದರಲ್ಲಿ ಎರಡು ಸಂಗತಿಗಳಿವೆ. ಪ್ರತಿಭೆಯನ್ನು ಅವನು ಆವೇಶ ಎನ್ನಲಿಲ್ಲ, ಅರಿವು ಎಂದ. ಜೊತೆಗೆ, ಜೀವಮಾನದಲ್ಲಿ ಒಮ್ಮೆ ಹೊಳೆದು ಮರೆಯಾಗುವುದನ್ನು ಅವನು ಆ ಹೆಸರಿನಿಂದ ಕರೆಯಲಿಲ್ಲ. ಒಂದು ಹೊಳಹು ಯಾರಿಗಾದರೂ ಸಿಗಬಹುದು; ಹೊಳೆಯುತ್ತಲೇ ಇರುವುದು ಸ್ವಭಾವದ ಮಾತು. ಅಭಿನವಗುಪ್ತ ಇದನ್ನು ಮುಂದುವರಿಸಿ, ಹಿಂದೆ ಇಲ್ಲದ್ದನ್ನು ನಿರ್ಮಿಸಬಲ್ಲ ಪ್ರಜ್ಞೆ ಎಂದ.

ಹಿಂದೆ ಇಲ್ಲದ್ದು ಎಂದರೇನು? ಭಾವೆಯವರ ನಾಟಕದಲ್ಲಿ ಕಥೆ ರಾಮಾಯಣದ್ದು. ಸೂತ್ರಧಾರ ನಿಂತು ಪದ ಹಾಡುವುದು, ಮೊದಲಿಗೆ ಗಣಪತಿ ಪೂಜೆ, ಅಬ್ಬರಿಸುತ್ತ ರಾಕ್ಷಸರು ಪ್ರವೇಶಿಸುವುದು, ಪಾತ್ರಗಳು ಸ್ಥಳದಲ್ಲೇ ಮಾತು ಹೊಸೆಯುವುದು, ಇವೆಲ್ಲ ಯಕ್ಷಗಾನ ಬಲ್ಲ ಯಾರಿಗೂ ಹೊಸತಲ್ಲ. ಬಿಡಿ ಬಿಡಿಯಾಗಿ ನೋಡಿದರೆ ಒಂದೂ ಭಾವೆಯವರದಲ್ಲ. ಆದರೂ ಆ ರಾತ್ರಿಗಿಂತ ಮುಂಚೆ ಅಂಥದೊಂದನ್ನು ಸಾಂಗ್ಲಿಯವರು ಮರಾಠಿಯಲ್ಲಿ ಕಂಡಿರಲಿಲ್ಲ. ಅಪೂರ್ವತೆ ಇರುವುದು ವಸ್ತುವಿನಲ್ಲಲ್ಲ, ಕೂಡಿಕೆಯಲ್ಲಿ ಎಂದೇ ನನ್ನ ನಂಬಿಕೆ. ಇದರಿಂದ ಕರ್ಕಿಯವರ ಋಣವೇನೂ ಸಣ್ಣದಾಗುವುದಿಲ್ಲ. ಮರಾಠಿ ನಾಟಕದ ಇತಿಹಾಸ ಬರೆದವರು ಅದನ್ನು ಮುಚ್ಚಿಟ್ಟೂ ಇಲ್ಲ.

ಹೀಗೆ ಕೂಡಿಸಬೇಕಾದರೆ ಮೊದಲು ಬಿಡಿಸಿ ನೋಡಲು ಬರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆ. ಪಿ. ಗಿಲ್ಫರ್ಡ್ 1950ರಲ್ಲಿ ತಮ್ಮ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆಯನ್ನು ಶಾಸ್ತ್ರ ಕಡೆಗಣಿಸಿದೆ ಎಂದು ಹೇಳಿದ ಮೇಲೆ ಅಲ್ಲಿ ಈ ವಿಷಯದ ಅಧ್ಯಯನ ಬೆಳೆಯಿತು. ಅವರ ಪರಂಪರೆಯ ಒಂದು ಪರೀಕ್ಷೆ ಸರಳವಾದದ್ದು: ಒಂದು ಇಟ್ಟಿಗೆ ಕೊಟ್ಟರೆ ಏನೇನು ಮಾಡಬಹುದು, ಹೇಳಿ. ಗೋಡೆ ಕಟ್ಟಬಹುದು ಎಂದು ನಿಲ್ಲುವವರೇ ಹೆಚ್ಚು. ವಿಚಾರಗಳ ಬುಗ್ಗೆ ಇರುವವರು ಇಟ್ಟಿಗೆಯನ್ನು ಅದರ ರೂಢಿಯ ಕೆಲಸದಿಂದ ಬಿಡಿಸಿ, ಅದರ ಭಾರ, ಅಂಚು, ಬಣ್ಣ, ಬಿಸಿ ಹಿಡಿದಿಡುವ ಗುಣ ಇವನ್ನೆಲ್ಲ ಬೇರೆ ಬೇರೆಯಾಗಿ ಕಾಣುತ್ತಾರೆ.

ಸಾಂಗ್ಲಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದ ಮಿರಜದಲ್ಲಿ ಈ ಪರೀಕ್ಷೆಯನ್ನು ಬದುಕೇ ಒಡ್ಡಿತ್ತು. ಅಲ್ಲಿನ ಶಿಕಲಗಾರರು ಕತ್ತಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆ ಗಟ್ಟಿಯಾದಂತೆ ಸಂಸ್ಥಾನಗಳ ಕತ್ತಿಗಳಿಗೆ ಕೆಲಸವಿಲ್ಲದಾಯಿತು. ಆ ಮನೆತನದ ಫರೀದಸಾಹೇಬರು ತಂತಿವಾದ್ಯ ಮಾಡುವುದಕ್ಕೆ ಕೈಹಾಕಿದರು. ಇಂದು ಮಿರಜದ ಸಿತಾರ್ ಮತ್ತು ತಂಬೂರಿಗಳ ಹೆಸರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಹಿಂದೂಸ್ತಾನಿ ಸಂಗೀತ ಕೇಳುವವರಿಗೆ ಹೇಳಬೇಕಿಲ್ಲ. 2024ರಲ್ಲಿ ಅವಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆಯಿತು. ಕತ್ತಿಯ ಕಸುಬಿನಲ್ಲಿ ಕಲಿತದ್ದು ಕತ್ತಿಯೊಂದನ್ನೇ ಅಲ್ಲ. ಕೂದಲೆಳೆಯಷ್ಟು ಉಜ್ಜುವ ಹದ, ಎಲ್ಲಿ ನಿಲ್ಲಿಸಬೇಕೆಂಬ ತಿಳಿವು, ಬೆರಳ ತುದಿಯಲ್ಲೇ ಅಳೆಯುವ ಅಭ್ಯಾಸ, ಇವು ಆಯುಧದಿಂದ ಬಿಡಿಸಿಕೊಂಡು ಬರಬಹುದಾದವು. ಫರೀದಸಾಹೇಬರ ಹೊಳಹು ಇರುವುದು ಈ ಬಿಡಿಸಿಕೊಳ್ಳುವಿಕೆಯಲ್ಲಿ.

ಇಲ್ಲಿ ನಮ್ಮ ಆಲಂಕಾರಿಕರ ಹಳೆಯ ಜಗಳವೊಂದನ್ನು ನೆನೆಯಬೇಕು. ಪ್ರತಿಭೆ ಹುಟ್ಟಿನಿಂದಲೇ ಬರುತ್ತದೋ, ದುಡಿದು ಪಡೆಯುವಂಥದೋ? ದಂಡಿ ಸಹಜ ಪ್ರತಿಭೆಯ ಜೊತೆಗೆ ನಿರ್ಮಲವಾದ ವಿದ್ಯೆ, ಬಿಡದ ಪ್ರಯತ್ನ ಎರಡನ್ನೂ ಇಟ್ಟ. ಮಮ್ಮಟ ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳಿ, ಮೂರೂ ಸೇರಿ ಒಂದೇ ಕಾರಣ ಎಂದ. ಬಹಳ ಕಾಲದ ಮೇಲೆ ಬಂದ ಪಂಡಿತರಾಜ ಜಗನ್ನಾಥ ಪ್ರತಿಭೆಯೊಂದೇ ಕಾರಣ ಎಂದು ವಾದಿಸಿದ. ನಾನು ಮಮ್ಮಟನ ಕಡೆ. ಸಾಣೆ ಹಿಡಿದು ಪಳಗದ ಕೈಗೆ ತಂಬೂರಿಯ ಕಲ್ಪನೆ ಬಂದಿದ್ದರೂ ಅದು ನಾದವಾಗುತ್ತಿರಲಿಲ್ಲ.

ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕಿನಲ್ಲಿ ಈ ಮೂರೂ ಹೇಗೆ ಬೆಸೆದುಕೊಂಡಿದ್ದವು ಎಂಬುದನ್ನು ಇನ್ನೂ ಬಿಡಿಸಿ ನೋಡಬಹುದು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಚಿತ್ರ ಕಲಿಯಲು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯುವುದಿಲ್ಲವೆಂದು ಅಲ್ಲಿ ಗೊತ್ತಾಯಿತು. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಬೇಕಿತ್ತು. ಅವರು ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ: ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಬೆಳಗಾವಿಗೆ ಮರಳಿ ಅಣ್ಣನ ಜೊತೆ ಸೈಕಲ್ ವ್ಯಾಪಾರ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕೊನೆಗೆ ಕಬ್ಬಿಣದ ನೇಗಿಲಿಗೆ ಬಂದರು.

ನೇಗಿಲನ್ನು ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹೊಸ ವಿಚಾರ ಹುಟ್ಟಿಸುವವರ ಬಗ್ಗೆ ನಾವು ಮಾತಾಡುವಾಗ ಹೊಳೆದ ಗಳಿಗೆಯನ್ನೇ ಕೊಂಡಾಡುತ್ತೇವೆ. ಈ ಎರಡು ವರ್ಷಗಳ ಬಗ್ಗೆ ಮಾತಾಡುವುದಿಲ್ಲ. ಅಷ್ಟು ದಿನ ಯಾರೂ ಒಪ್ಪದಿದ್ದುದನ್ನು ಕೈಬಿಡದೆ, ಹಾಗೆಂದು ಊರಿನವರೆಲ್ಲ ಮೂಢರು ಎಂದು ಮುನಿಸಿಕೊಳ್ಳದೆ, ಕೆಲಸ ಮುಂದುವರಿಸುವ ಮನಸ್ಸೇ ದಂಡಿ ಹೇಳಿದ ಬಿಡದ ಪ್ರಯತ್ನ. ಅದು ಪ್ರತಿಭೆಯ ಆಮೇಲೆ ಬರುವ ದುಡಿಮೆಯಲ್ಲ, ಪ್ರತಿಭೆಯದೇ ಅಂಗ.

ಬೆಳಗಾವಿಯ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿಯವರು ನೆಲ ಕೊಟ್ಟು ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದ ಆ ಬರಡು ನೆಲದಲ್ಲಿ 1910ರಲ್ಲಿ ಎದ್ದದ್ದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಅರಸರು ಸ್ವತಃ ಚಿತ್ರಕಾರರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗದಾದಾಗ ಲಕ್ಷ್ಮಣರಾಯರು ಕೊಲ್ಹಾಪುರದ ಶಾಹು ಮಹಾರಾಜರಲ್ಲಿ ಕೇಳಿದ್ದು ಕೋಟೆಗಳ ಮೇಲೆ ಸುಮ್ಮನೆ ಬಿದ್ದಿದ್ದ ಹಳೆಯ ಫಿರಂಗಿಗಳನ್ನು. ಅವನ್ನು ಕರಗಿಸಿ ನೇಗಿಲು ಮಾಡಿದರು. ಇಟ್ಟಿಗೆಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ‘ಕಾವ್ಯಮೀಮಾಂಸೆ’ ಬರೆದ ರಾಜಶೇಖರ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದ: ರಚಿಸುವವನಿಗೆ ನೆರವಾಗುವುದು ಕಾರಯಿತ್ರೀ, ರಚಿಸಿದ್ದನ್ನು ಅರಿತು ಸವಿಯುವವನಿಗೆ ನೆರವಾಗುವುದು ಭಾವಯಿತ್ರೀ. ಎರಡನ್ನೂ ಅವನು ಪ್ರತಿಭೆ ಎಂದೇ ಕರೆದ ಎನ್ನುವುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಕನ್ನಡದ ಆಟದಲ್ಲಿ ಮರಾಠಿ ನಾಟಕವನ್ನು ಕಂಡ ಸಾಂಗ್ಲಿಯ ಅರಸರು ಒಂದು ಸಾಲನ್ನೂ ಬರೆಯಲಿಲ್ಲ. ಔಂಧದ ಅರಸರು ನೇಗಿಲಿನ ಕುಳ ಎರೆಯಲಿಲ್ಲ. ಅವರದು ಬರೀ ಔದಾರ್ಯ ಎಂದರೆ ಮಾತು ಅರ್ಧವಾಗುತ್ತದೆ. ಹಣವಿದ್ದ ಸಂಸ್ಥಾನಿಕರು ಆಗ ಬೇಕಾದಷ್ಟು ಮಂದಿ ಇದ್ದರು, ಹೀಗೆ ಕಂಡವರು ಕೆಲವರೇ.

ರಾಜಶೇಖರನ ವಿಂಗಡಣೆಗೆ ನಾನು ಒಂದು ಮಾತು ಸೇರಿಸಬಯಸುತ್ತೇನೆ. ಈ ಎರಡೂ ಒಬ್ಬನಲ್ಲೇ ಇದ್ದಾಗ ಪ್ರತಿಭೆ ಹೆಚ್ಚು ಕಾಲ ಬಾಳುತ್ತದೆ. ಶಾಲೆಯ ಓದು ಹತ್ತದ ಅನಂತರಾವ್ ಫಳಣೀಕರರಲ್ಲಿ ಲಕ್ಷ್ಮಣರಾಯರು ಒಬ್ಬ ಎಂಜಿನಿಯರನನ್ನು ಕಂಡರು, ಅವರು ಹಾಗೆಯೇ ಆದರು. ಜೈಲಿಗೆ ಹೋಗಿ ಬಂದವರನ್ನು ಕಿರ್ಲೋಸ್ಕರವಾಡಿಯ ರಾತ್ರಿ ಕಾವಲಿಗೆ ಇಟ್ಟರು. ಫಿರಂಗಿಯಲ್ಲಿ ನೇಗಿಲನ್ನು ಕಂಡ ಕಣ್ಣೇ ಇದು. ವಸ್ತುವಿಗೆ ಊರು ಅಂಟಿಸಿದ ಹೆಸರನ್ನು ಬದಿಗಿಟ್ಟು ನೋಡಬಲ್ಲವನು ಮನುಷ್ಯನನ್ನೂ ಹಾಗೆ ನೋಡಬಲ್ಲ. ವಿಚಾರವಂತರು ಒಂಟಿಗರು, ತಮ್ಮ ಲೋಕದಲ್ಲೇ ಮುಳುಗಿದವರು ಎಂಬ ಜನಪ್ರಿಯ ಚಿತ್ರವನ್ನು ನಾನು ಒಪ್ಪದಿರುವುದು ಇದಕ್ಕೇ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗುವ ಹೊತ್ತಿಗೆ, ಕಿರ್ಲೋಸ್ಕರವಾಡಿಯಲ್ಲಿ ಯಂತ್ರಗಳ ಜೊತೆ ಮನುಷ್ಯರೂ ತಯಾರಾಗಿದ್ದರು.

ಮಿರಜದ ವಾದ್ಯ ತಯಾರಕರಲ್ಲಿ ಈ ಎರಡು ಪ್ರತಿಭೆಗಳು ಪ್ರತಿದಿನ ಒಟ್ಟಿಗೆ ಕೆಲಸ ಮಾಡುತ್ತವೆ. ತಂಬೂರಿಯ ಬುರುಡೆ, ದಂಡಿ, ಕುದುರೆ ಎಲ್ಲ ಕೂಡಿದ ಮೇಲೂ ವಾದ್ಯ ಮುಗಿದಿರುವುದಿಲ್ಲ, ಜವಾರಿ ತೆಗೆಯಬೇಕು. ತಂತಿ ಕುದುರೆಯ ಮೈಯನ್ನು ಸವರಿಕೊಂಡು ಮಿಡಿಯುವಂತೆ ಅದರ ಮೇಲ್ಮೈಯನ್ನು ಸ್ವಲ್ಪ ಸ್ವಲ್ಪವೇ ಉಜ್ಜುವ ಕೆಲಸವದು. ಒಬ್ಬ ಗಾಯಕನಿಗೆ ನಾದ ಅಗಲವಾಗಿ ತೆರೆದಿರಬೇಕು, ಇನ್ನೊಬ್ಬನಿಗೆ ಒಳಗಿಟ್ಟಂತೆ ಇರಬೇಕು. ಮಿರಜದಲ್ಲೇ ನೆಲೆಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಂಥ, ಸ್ವರದ ಎಳೆ ಎಳೆಯನ್ನೂ ಬಿಡಿಸಿ ಕೇಳುವ ಗಾಯಕರ ನಡುವೆ ಬೆಳೆದ ಕಸುಬು ಅದು. ಉಜ್ಜುವವನು ಒಂದು ಸಲ ಉಜ್ಜಿ, ತಂತಿ ಮೀಟಿ, ತಂತಿಗೂ ಕುದುರೆಗೂ ನಡುವಿನ ದಾರವನ್ನು ಹಿಂದೆ ಮುಂದೆ ಸರಿಸಿ, ಕೇಳಿ, ಮತ್ತೆ ಉಜ್ಜುತ್ತಾನೆ. ಸ್ವಲ್ಪ ಹೆಚ್ಚಾದರೆ ಮೇಲ್ಮೈಯನ್ನು ಮೊದಲಿನಿಂದ ಸಿದ್ಧಪಡಿಸಬೇಕು. ಮಾಡುವ ಕೈ ಎಲ್ಲಿ ನಿಲ್ಲಬೇಕೆಂದು ಹೇಳುವುದು ಅವನ ಕಿವಿ. ಆ ಕಿವಿಗೆ ಅದನ್ನು ಕಲಿಸಿದವರು ಅವನ ಎದುರು ಕೂತು ಹಾಡಿದವರು.